ದ್ರಾಕ್ಷಿ ಚಪ್ಪರದ ಈಶ್ವರ

ತೀರ್ಥಹಳ್ಳಿ ಸೀಮೆಯವನೊಬ್ಬ ನೀರಿಲ್ಲ ಎಂದು ಬಾಯಿಬಿಟ್ಟರೆ ಕೇಳಿದವರು ನಗುತ್ತಾರೆ. ನಗಲಿ ಬಿಡಿ. ಆಷಾಢದಲ್ಲಿ ಬಂದು ಕಂಬಳಿಕೊಪ್ಪೆ ಹೊದ್ದು ನೋಡಿ ಹೋದವರಿಗೆ ಮಾಘಮಾಸದ ಸಂಕಟ ಎಲ್ಲಿಂದ ತಿಳಿಯಬೇಕು? ಮಳೆಗಾಲದಲ್ಲಿ ದಾಟುವ ಮರದ ಸಂಕವನ್ನೇ ಕಿತ್ತುಕೊಂಡು ಹೋಗುವ ಹಳ್ಳ, ಸಂಕ್ರಾಂತಿ ಕಳೆಯಿತೆಂದರೆ ಒಂದು ಎಮ್ಮೆ ಮೀಯುವಷ್ಟೂ ಉಳಿಯುವುದಿಲ್ಲ. ಭತ್ತದ ಗದ್ದೆಯವನಿಗೆ ಅದರಿಂದ ತೊಂದರೆಯಿಲ್ಲ, ಅಷ್ಟು ಹೊತ್ತಿಗೆ ಅವನ ಕೊಯ್ಲು ಮುಗಿದು ಹುಲ್ಲು ಬಣವೆ ಏರಿರುತ್ತದೆ. ಆದರೆ ಅರಳಸುರಳಿಯ ಆಚೆ ಹೊಸಗದ್ದೆಯ ಗಿರಿಯಪ್ಪಗೌಡರು ಬೆಳೆಯಲು ಹೊರಟಿದ್ದು ಭತ್ತವನ್ನಲ್ಲ, ದ್ರಾಕ್ಷಿಯನ್ನು.

ಹೌದು, ದ್ರಾಕ್ಷಿಯನ್ನೇ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎನ್ನುತ್ತಾರಲ್ಲ, ಹಾಗೆ. ನೆಂಟರ ಮದುವೆಗೆಂದು ದೇವನಹಳ್ಳಿ ಕಡೆಗೆ ಹೋದ ಗೌಡರು ಅಲ್ಲಿ ಚಪ್ಪರದ ತುಂಬ ಜೋತುಬಿದ್ದ ನೀಲಿ ಗೊಂಚಲು ನೋಡಿದ್ದೇ ನೋಡಿದ್ದು, ಧಾರೆಯ ಹೊತ್ತಿಗೆ ಮದುವೆ ಚಪ್ಪರದಲ್ಲಿ ಇರಲಿಲ್ಲ. ತೋಟದವನ ಬೆನ್ನು ಹತ್ತಿ, ಯಾವಾಗ ಸವರಬೇಕು, ಎಷ್ಟು ನೀರು ಬೇಕು ಎಂದೆಲ್ಲ ಕೇಳಿ, ಹತ್ತಾರು ಬಳ್ಳಿಯ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಬಂದರು. ಬಸ್ಸಿನಲ್ಲಿ ಪಕ್ಕ ಕೂತವನು ಯಾವ ಕಾಯಿಲೆಗೆ ಈ ಬೇರು ಎಂದು ಕೇಳಿದನಂತೆ.

ಮೊದಲ ಮಳೆಗಾಲದಲ್ಲಿ ಬಳ್ಳಿಯ ಎಲೆಗಳೆಲ್ಲ ಕೊಳೆತು ಉದುರಿ ಕಡ್ಡಿ ಮಾತ್ರ ಉಳಿಯಿತು. ಕೋಣಂದೂರಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಹುಲಿಯಪ್ಪ, ಗೌಡರ ಹೆಂಡತಿ ಕನ್ನಮ್ಮನ ಅಣ್ಣ, ಸಂತೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ನಮ್ಮ ಭಾವ ಸೌದೆ ನೆಟ್ಟು ನೀರು ಹೊಯ್ಯುತ್ತಿದ್ದಾರೆ ಎಂದು ಹೇಳಿ ನಗಿಸಿದ. ಗೌಡರು ಹಲ್ಲು ಕಚ್ಚಿ ಬುಡಕ್ಕೆ ಗೊಬ್ಬರ ಹಾಕುತ್ತಲೇ ಇದ್ದರು. ಎರಡನೆಯ ವರ್ಷ ದೀಪಾವಳಿ ಕಳೆದ ಮೇಲೆ, ದೇವನಹಳ್ಳಿಯವನು ಹೇಳಿದಂತೆ ಕಡ್ಡಿಗಳನ್ನು ಸವರಿದರು. ನೋಡನೋಡುತ್ತ ಬಳ್ಳಿ ಚಿಗುರಿತು, ಚಪ್ಪರಕ್ಕೆ ಏರಿತು, ಎಳೆ ಗೊಂಚಲು ಬಿಟ್ಟಿತು. ಗೌಡರು ಆ ದಿನ ಊಟ ಮಾಡುವುದನ್ನೂ ಮರೆತು ಚಪ್ಪರದ ಕೆಳಗೆ ಮಲಗಿ ಮೇಲೆ ನೋಡುತ್ತ ಉಳಿದರು.

ಅದೇ ಹೊತ್ತಿಗೆ ಸಾಗರದ ಕಡೆಯ ಒಂದು ಇಗರ್ಜಿಯ ಪಾದ್ರಿಗಳು ತಮ್ಮ ಜನರನ್ನು ನೋಡಲು ಆ ದಾರಿಯಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದವರು ಚಪ್ಪರ ನೋಡಿ ಇಳಿದೇಬಿಟ್ಟರು. ತಮ್ಮ ಪೂಜೆಗೆ ದ್ರಾಕ್ಷಾರಸ ಬೇಕೇ ಬೇಕು, ದೂರದಿಂದ ತರಿಸಿದ್ದು ದಾರಿಯಲ್ಲೇ ಹುಳಿಯಾಗುತ್ತದೆ, ಹಣ್ಣು ಇಲ್ಲೇ ಸಿಕ್ಕರೆ ನಾವೇ ಹಿಂಡಿಕೊಳ್ಳುತ್ತೇವೆ ಎಂದರು. ಈ ವರ್ಷದ ಫಸಲು ಚೆನ್ನಾಗಿ ಬಂದರೆ ಪೂರ್ತಿ ತಾವೇ ಒಯ್ಯುವುದಾಗಿಯೂ, ಊರಿನ ಇನ್ನೂ ನಾಲ್ಕು ಮನೆಯವರು ಬೆಳೆದರೆ ಉಳಿದ ಇಗರ್ಜಿಗಳಿಗೂ ಹೇಳುವುದಾಗಿಯೂ ಮಾತು ಕೊಟ್ಟು ಹೋದರು.

ಗೌಡರ ತಲೆಗೆ ಅಂದಿನಿಂದ ರೆಕ್ಕೆ ಬಂತು. ಅರಳಸುರಳಿಯಿಂದ ಕೋಣಂದೂರಿನವರೆಗೆ ಇರುವ ಇಳಿಜಾರೆಲ್ಲ ದ್ರಾಕ್ಷಿಯ ಸೀಮೆಯಾದಂತೆ ಅವರು ಹಗಲಲ್ಲೇ ಕನಸು ಕಂಡರು. ಊರವರೂ ನೋಡುತ್ತಿದ್ದರು. ಪಾದ್ರಿಯ ಗಾಡಿ ಹಣ್ಣು ತುಂಬಿಕೊಂಡು ಹೋಯಿತೋ, ನಾವೂ ಕಡ್ಡಿ ಊರುತ್ತೇವೆ. ಹೋಗಲಿಲ್ಲವೋ, ಗಿರಿಯಪ್ಪನ ಹುಚ್ಚು ಗಿರಿಯಪ್ಪನಿಗೇ ಇರಲಿ. ಎಲ್ಲರ ಲೆಕ್ಕಾಚಾರ ಇಷ್ಟೇ. ಕಾಯಿ ಬಟಾಣಿ ಗಾತ್ರಕ್ಕೆ ಬಂದಾಗ ಹಳ್ಳ ಬತ್ತಿತು.

ಶಿವರಾತ್ರಿಯ ತನಕವಾದರೂ ನೀರು ಬೇಕು. ಗೌಡರೂ ಕನ್ನಮ್ಮನೂ ಬಾವಿಯಿಂದ ಕೊಡದಲ್ಲಿ ಹೊತ್ತರು. ಬಾವಿಯ ನೀರು ಪಾತಾಳಕ್ಕೆ ಇಳಿಯಿತು. ಕನ್ನಮ್ಮನಿಗೆ ಸೊಂಟ ನೋವು ಬಂತು, ನಾಲಿಗೆಗೆ ಮಾತ್ರ ಏನೂ ಆಗಲಿಲ್ಲ. ತಾನು ಬಸುರಿಯಾಗಿದ್ದಾಗಲೂ ಇವರು ಒಂದು ಕೊಡ ನೀರು ತಂದುಕೊಟ್ಟವರಲ್ಲ, ಈಗ ಬಳ್ಳಿಗೆ ಸೀಮಂತ ಮಾಡುತ್ತಿದ್ದಾರೆ ಎಂದು ಬಾವಿಕಟ್ಟೆಗೆ ಕೇಳುವಂತೆ ಹೇಳಿದಳು.

ನೀರು ಇರಲಿಲ್ಲ ಎಂದೇನೂ ಅಲ್ಲ. ಹೊಸಗದ್ದೆಯ ಮೇಲಿನ ಗುಡ್ಡದಲ್ಲಿ ವಿಘ್ನೇಶ್ವರ ಭಟ್ಟರ ಜಾಗದಲ್ಲಿ ಒಂದು ಒರತೆ ಇತ್ತು. ಎಂಥ ಬಿರುಬೇಸಿಗೆಯಲ್ಲೂ ಅದು ಬತ್ತಿದ್ದನ್ನು ಕಂಡವರಿಲ್ಲ. ಭಟ್ಟರ ಮನೆ, ತೋಟ, ಕೊಟ್ಟಿಗೆ ಎಲ್ಲಕ್ಕೂ ಆಗಿ ಮಿಕ್ಕ ನೀರು ಸುಮ್ಮನೆ ಕಾಡಿನಲ್ಲಿ ಇಂಗಿ ಹೋಗುತ್ತಿತ್ತು. ಗೌಡರು ಕೇಳಲು ಹೋದರು.

ಹವ್ಯಕರ ಮನೆಗೆ ಹೋದವನಿಗೆ ಮೊದಲು ಕುಡಿಯಲು ಆಸ್ರಿಗೆ ಕೊಡದೆ ಮಾತೇ ಶುರುವಾಗುವುದಿಲ್ಲ. ಭಟ್ಟರ ಹೆಂಡತಿ ವಾಗ್ದೇವಮ್ಮ ದೊಡ್ಡ ತಂಬಿಗೆಯಲ್ಲಿ ಅದೇ ಒರತೆಯ ತಣ್ಣನೆ ನೀರು, ಪಕ್ಕದಲ್ಲಿ ಮುಷ್ಟಿಗಾತ್ರದ ಬೆಲ್ಲ ತಂದಿಟ್ಟರು. ಗೌಡರು ಕುಡಿದರು, ಆಮೇಲೆ ವಿಷಯ ತೆಗೆದರು. ಭಟ್ಟರು ಕೆಟ್ಟವರಲ್ಲ. ಬಾಳೆಗೆ ಕೇಳಿದ್ದರೆ ಕೊಡುತ್ತಿದ್ದರು, ಭತ್ತಕ್ಕಾದರೂ ಕೊಡುತ್ತಿದ್ದರು. ದ್ರಾಕ್ಷಿ ಎಂದ ಕೂಡಲೇ ಎರಡೂ ಕಿವಿ ಮುಟ್ಟಿಕೊಂಡರು.

“ದ್ರಾಕ್ಷಿಗೆ ಬಿಟ್ಟ ನೀರು ನಾಳೆ ಹೆಂಡ ಆಗತ್ತೆ ಗೌಡ್ರೆ. ಆ ಪಾಪದಲ್ಲಿ ನಮಗೂ ಪಾಲು ಬರತ್ತೆ,” ಎಂದರು.

ಇಗರ್ಜಿಯ ಪೂಜೆಗೆ ಎಂದರೂ ಭಟ್ಟರು ಒಪ್ಪಲಿಲ್ಲ. ಗೌಡರು ಬಿಡದೆ ಮತ್ತೆ ಹೋದರು, ಮತ್ತೂ ಹೋದರು. ಹೋದಾಗಲೆಲ್ಲ ವಾಗ್ದೇವಮ್ಮ ತಂಬಿಗೆ ತುಂಬ ನೀರು ಕೊಟ್ಟರು. ಗೌಡರ ಹೊಟ್ಟೆ ತುಂಬಿತು, ಬಳ್ಳಿಗೆ ಒಂದು ಹನಿಯೂ ಸಿಗಲಿಲ್ಲ.

ಅಷ್ಟರಲ್ಲಿ ಕನ್ನಮ್ಮನ ಹರಕೆಯೊಂದನ್ನು ತೀರಿಸಲು ಇಬ್ಬರೂ ಸಾಗರದ ಹತ್ತಿರದ ವರದಮೂಲದ ಗುಡಿಗೆ ಹೋಗಿ ಬರಬೇಕಾಯಿತು. ಕನ್ನಮ್ಮ ಪ್ರದಕ್ಷಿಣೆ ಹಾಕುತ್ತಿದ್ದಾಗ ಗೌಡರು ಗುಡಿಯ ಹಿಂದೆ ತೀರ್ಥ ಹರಿದು ಹೋಗುವ ಕಡೆ ನಿಂತಿದ್ದರು. ದೇವರ ತಲೆಯ ಮೇಲಿಂದ ಇಳಿದ ನೀರು ತೂಬಿನಿಂದ ಹೊರಗೆ ಬಂದು ಯಾರದೋ ಬಾಳೆಯ ಬುಡಕ್ಕೆ ನೇರವಾಗಿ ಹೋಗುತ್ತಿತ್ತು. ಬಾಳೆ ಆನೆಮರಿಯ ಹಾಗೆ ಬೆಳೆದಿತ್ತು. ಯಾರೂ ಅದಕ್ಕೆ ಏಕೆ ನೀರು ಬಿಟ್ಟಿರಿ ಎಂದು ಕೇಳುತ್ತಿರಲಿಲ್ಲ. ಗೌಡರು ಮನೆಯವರೆಗೂ ಒಂದು ಮಾತೂ ಆಡದೆ ಬಂದರು. ಜ್ವರವೇನೋ ಎಂದು ಕನ್ನಮ್ಮ ಹಣೆ ಮುಟ್ಟಿ ನೋಡಿದಳು.

ಗೌಡರ ಹಿತ್ತಲಿನಲ್ಲಿ ಅವರ ಅವ್ವನ ಕಾಲದ ಒರಳಿನ ಗುಂಡುಕಲ್ಲು ಒಂದು ಬಿದ್ದಿತ್ತು. ಒರಳು ಸೀಳಿಹೋಗಿ ಎಷ್ಟೋ ವರ್ಷವಾಗಿತ್ತು, ಗುಂಡನ್ನು ಮಾತ್ರ ಎಸೆಯಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಮಾರನೆಯ ಸಂಜೆ ಗೌಡರು ಅದನ್ನು ಹೊತ್ತುಕೊಂಡು ಹೋಗಿ, ಹಿಡಿಯ ತೂತಿದ್ದ ಕಡೆಯನ್ನು ಕೆಳಗೆ ಮಾಡಿ, ದ್ರಾಕ್ಷಿ ಚಪ್ಪರದ ನಡುವೆ ಮೊಳದಾಳಕ್ಕೆ ಹೂತು, ಮೇಲೆ ಮಣ್ಣೆಳೆದು ತರಗೆಲೆ ಹರವಿ ಬಂದರು. ಹಾಗೆಯೇ ಕೋಣಂದೂರಿಗೆ ಹೇಳಿಕಳಿಸಿದರು, ಭಾವ ಒಮ್ಮೆ ಬಂದು ಹೋಗಬೇಕು, ಗೊಬ್ಬರದ ಗುಂಡಿ ತೆಗೆಯಲಿಕ್ಕಿದೆ ಎಂದು.

ಹುಲಿಯಪ್ಪ ನಗಾಡಲು ಸಿಕ್ಕೀತೆಂದು ಓಡೋಡಿ ಬಂದ. ಗೌಡರು ಅವನನ್ನು ಚಪ್ಪರದ ನಡುವಿಗೆ ಕರೆದೊಯ್ದು ಅವನ ಕೈಗೇ ಹಾರೆ ಕೊಟ್ಟರು. ನಾಲ್ಕು ಏಟಿಗೆ ಟಣ್ ಎಂದಿತು. ಮಣ್ಣು ಸರಿಸಿದರೆ ಕಪ್ಪನೆ ನುಣ್ಣನೆ ದುಂಡನೆ ಕಲ್ಲು ತಲೆ ಎತ್ತಿತ್ತು. ಹುಲಿಯಪ್ಪ ಹಾರೆ ಬಿಟ್ಟು, ಮೆಟ್ಟು ಬಿಟ್ಟು, ಉದ್ದಂಡ ಬಿದ್ದ. ಜೀವಮಾನದಲ್ಲಿ ಯಾರನ್ನೂ ನಂಬದ ದಿನಸಿ ಅಂಗಡಿಯವನು ಅರ್ಧ ಗಳಿಗೆಯಲ್ಲಿ ಪರಮಭಕ್ತನಾದ. ತನ್ನ ಹಾರೆಗೆ ಸಿಕ್ಕ ದೇವರು, ತನಗೇ ಒಲಿದ ದೇವರು ಎಂದು ಮುಂದಿನ ಸಂತೆಯ ಹೊತ್ತಿಗೆ ಕೋಣಂದೂರಿಗೆಲ್ಲ ಸಾರಿದ.

ಕನ್ನಮ್ಮ ಬಂದು ನೋಡಿದಳು. ಕಲ್ಲನ್ನು ನೋಡಿದಳು, ಗಂಡನನ್ನು ನೋಡಿದಳು. ಹಿತ್ತಲಿಗೆ ಹೋಗಿ ಹುಲ್ಲು ಬೆಳ್ಳಗಾಗಿ ಗುಂಡಗೆ ಗುರುತು ಉಳಿದಿದ್ದ ಜಾಗವನ್ನೂ ನೋಡಿ ಬಂದಳು. ಎಲ್ಲರ ಎದುರು ಕೈಮುಗಿದು, ಗಂಡ ಒಳಗೆ ಬಂದಾಗ ಮೆಲ್ಲಗೆ ಕೇಳಿದಳು.

“ಏನ್ರೀ, ಅತ್ತೆಮ್ಮನ ಗುಂಡುಕಲ್ಲಿಗೆ ನಾನು ದಿನಾ ಕೈಮುಗೀಬೇಕಾ?”

“ಮಳೆ ಹಿಡಿಯೋ ತನಕ ಮುಗಿ. ಆಮೇಲೆ ನೋಡನ,” ಎಂದರು ಗೌಡರು.

ವಿಘ್ನೇಶ್ವರ ಭಟ್ಟರು ಮಡಿ ಉಟ್ಟು ಗುಡ್ಡ ಇಳಿದು ಬಂದರು. ಕಲ್ಲಿನ ಸುತ್ತ ಕೂತು, ಮುಟ್ಟಿ, ನೀರು ಹಾಕಿ ತೊಳೆದು, ಮತ್ತೆ ಮುಟ್ಟಿ, ಕಣ್ಣಲ್ಲಿ ನೀರು ತಂದುಕೊಂಡರು. ಇಂಥ ನುಣುಪು ಮನುಷ್ಯರ ಕೈಯಲ್ಲಿ ಆಗುವಂಥದ್ದಲ್ಲ ಎಂದರು. ನಮ್ಮವ್ವ ನಲವತ್ತು ವರ್ಷ ಉದ್ದು ರುಬ್ಬಿದರೆ ಆಗುತ್ತದೆ ಎಂಬ ಮಾತು ಗೌಡರ ನಾಲಿಗೆಯ ತುದಿಗೆ ಬಂದು ಹಿಂದೆ ಹೋಯಿತು. ಅವರು ಅಂದುಕೊಂಡಿದ್ದು ಯಾವುದೋ ಒಂದು ಚಿಕ್ಕ ದೇವರು, ವಾರಕ್ಕೆ ಎರಡು ಕೊಡ ನೀರು. ವಿನಾಯಕನ ಮಾಡಲು ಹೋಗಿ ಅವರಪ್ಪನ ಮಾಡಿದ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಇದು ಸಾಕ್ಷಾತ್ ಈಶ್ವರ, ಅಭಿಷೇಕಪ್ರಿಯ, ಮಳೆ ಹಿಡಿಯುವ ತನಕ ತಲೆಯ ಮೇಲೆ ಧಾರೆ ತಪ್ಪಬಾರದು ಎಂದು ಭಟ್ಟರು ಅಪ್ಪಣೆ ಕೊಡಿಸಿದರು. ನೀರೆಲ್ಲಿಂದ ಎಂದು ಯಾರೋ ಕೇಳಿದರು. ಎಲ್ಲರೂ ಗುಡ್ಡದ ಕಡೆ ನೋಡಿದರು. ಭಟ್ಟರೂ ನೋಡಿದರು.

ವಾರದೊಳಗೆ ಅಡಿಕೆಮರದ ದಬ್ಬೆಗಳ ಸಾಲು ಒರತೆಯಿಂದ ಗುಡ್ಡ ಇಳಿದು ಚಪ್ಪರಕ್ಕೆ ಬಂತು. ಸೀಳಿದ ಮರದ ಆ ದೋಣಿಗಳಲ್ಲಿ ನೀರು ಹಗಲೂ ರಾತ್ರಿ ಬಂದು ಕಲ್ಲಿನ ತಲೆಗೆ ಬಿದ್ದು, ಅಲ್ಲಿಂದ ಗೌಡರು ಮೊದಲೇ ತೋಡಿಟ್ಟಿದ್ದ ಕಾಲುವೆಗಳಲ್ಲಿ ಪ್ರತಿ ಬಳ್ಳಿಯ ಬುಡಕ್ಕೂ ಹೋಯಿತು. ದ್ರಾಕ್ಷಿಗೆ ನೀರು ಕೊಟ್ಟ ಹಾಗಾಯಿತಲ್ಲ ಎಂದು ವಾಗ್ದೇವಮ್ಮ ಮನೆಯಲ್ಲಿ ಕೇಳಿದರಂತೆ. “ದ್ರಾಕ್ಷಿಗಲ್ದೇ, ಈಶ್ವರಂಗೆ. ತಲೆ ಮೇಲಿಂದ ಇಳಿದ ನೀರು ಎಲ್ಲಿಗೆ ಹೋಗ್ತು ಅಂತ ಕೇಳದು ಎಂತಕ್ಕೆ?” ಎಂದು ಭಟ್ಟರು ಹೇಳಿದ್ದು ಕೆಲಸದವರ ಬಾಯಿಂದ ಗೌಡರಿಗೂ ತಲುಪಿತು. ಗೌಡರು ಹಟ್ಟಿಯ ಹಿಂದೆ ಹೋಗಿ ಒಬ್ಬರೇ ನಕ್ಕು ಬಂದರು.

ಕಾಯಿ ಉಬ್ಬಿತು, ಬಣ್ಣ ತಿರುಗಿತು. ಜೊತೆಗೆ ಗೌಡರೂ ಸ್ವಲ್ಪ ತಿರುಗಿದರು. ಮೊದಮೊದಲು ಚಪ್ಪರಕ್ಕೆ ಎಲೆಯಡಿಕೆ ಮೆಲ್ಲುತ್ತಲೇ ಹೋಗುತ್ತಿದ್ದವರು ಆಮೇಲೆ ಬಾಯಿ ಮುಕ್ಕಳಿಸಿ ಹೋಗತೊಡಗಿದರು. ಎತ್ತಿಗೂ ಆಳಿಗೂ ಒಂದೇ ರೀತಿ ಬೈಯುತ್ತಿದ್ದ ಬಾಯಿ ಅಲ್ಲಿಗೆ ಹೋದರೆ ಮುಚ್ಚಿಕೊಳ್ಳುತ್ತಿತ್ತು. ಒಂದು ಬೆಳಿಗ್ಗೆ ದಬ್ಬೆಗೆ ತರಗೆಲೆ ಸಿಕ್ಕಿ ಧಾರೆ ನಿಂತಿದ್ದನ್ನು ಕಂಡು, ಬಳ್ಳಿಯ ನೆನಪಿಗಿಂತ ಮೊದಲು ಅಯ್ಯೋ ತಲೆ ಒಣಗಿತಲ್ಲ ಎಂದು ಅವರಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಕನ್ನಮ್ಮನಿಗೆ ಹೇಳಲಿಲ್ಲ.

ತೊಂದರೆ ಹಣ್ಣಾದ ಮೇಲೆ ಶುರುವಾಯಿತು. ಹುಲಿಯಪ್ಪ ಸಾರಿದ್ದು ಕೇಳಿ ಜನ ಬರತೊಡಗಿದರು. ಹೊಸನಗರದಿಂದ ಒಂದು ಗಾಡಿ, ತೀರ್ಥಹಳ್ಳಿಯಿಂದ ಎರಡು. ಬಂದವರು ಕೈಮುಗಿದು, ತೀರ್ಥ ತಗೊಂಡು, ಮೇಲೆ ಜೋತಾಡುವ ಗೊಂಚಲು ನೋಡಿದರು. ಭಟ್ಟರು ಒಂದೊಂದು ಗೊಂಚಲು ಕಿತ್ತು ಪ್ರಸಾದ ಎಂದು ಕೊಟ್ಟರು. ಗೌಡರು ಬಾಯಿ ತೆರೆದರೆ, ದೇವರ ತೀರ್ಥ ಕುಡಿದು ಬೆಳೆದ ಹಣ್ಣು ದೇವರದ್ದೇ ತಾನೆ ಎಂದರು ಭಟ್ಟರು. ಈಶ್ವರ ಕೂತ ಚಪ್ಪರದ ಹಣ್ಣನ್ನು ಗಾಡಿಗೆ ಹೇರುವುದುಂಟೇ ಎಂದು ಹುಲಿಯಪ್ಪನೂ ದನಿಗೂಡಿಸಿದ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವನ ಪಾಡು ಗೌಡರದ್ದು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ನಿಜ ಹೇಳಿದರೆ ನೀರು ನಿಲ್ಲುತ್ತದೆ. ಹೇಳದಿದ್ದರೆ ಹಣ್ಣು ಹೋಗುತ್ತದೆ, ಪಾದ್ರಿ ಬರಿ ಗಾಡಿ ಹೊಡೆದುಕೊಂಡು ವಾಪಸು ಹೋಗುತ್ತಾರೆ, ದ್ರಾಕ್ಷಿ ಸೀಮೆಯ ಕನಸೂ ಅದೇ ಗಾಡಿಯಲ್ಲಿ ಹೋಗುತ್ತದೆ.

ದಿನಕ್ಕಿಷ್ಟು ಗೊಂಚಲು ಕಡಿಮೆಯಾಗುವುದನ್ನು ನೋಡಲಾರದೆ ಗೌಡರು ಕೊನೆಗೆ ಗುಡ್ಡ ಹತ್ತಿದರು. ನೀರು ಹೋದರೂ ಹೋಗಲಿ, ಹೇಗೂ ಹಣ್ಣು ಆಗಿದೆ, ಮುಂದಿನ ವರ್ಷದ ಮಾತು ಮುಂದಿನ ವರ್ಷಕ್ಕೆ ಎಂದು ಗಟ್ಟಿ ಮನಸ್ಸು ಮಾಡಿದ್ದರು. ವಾಗ್ದೇವಮ್ಮ ಬೆಲ್ಲ ನೀರು ತಂದಿಟ್ಟು ಒಳಗೆ ಹೋದ ಮೇಲೆ, ತಲೆ ತಗ್ಗಿಸಿ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರು. ಅದು ಈಶ್ವರ ಅಲ್ಲ, ಅವ್ವನ ಒರಳಿನ ಗುಂಡು, ಹೂತವನು ನಾನೇ ಎಂದರು.

ಭಟ್ಟರ ಮುಖ ಕೆಂಪಾಯಿತು, ಮತ್ತೆ ಮೊದಲಿನ ಹಾಗಾಯಿತು.

“ನಿಮ್ಮನೇಲಿ ಇದ್ದಾಗ ಅದು ಗುಂಡು. ಸರಿ, ಒಪ್ಪಿದೆ,” ಎಂದರು. “ನಾನು ಇಷ್ಟು ದಿನ ರುದ್ರ ಹೇಳಿ ನೀರು ಹಾಕಿದೀನಲ್ಲ ಗೌಡ್ರೆ. ಇನ್ನೂ ಅದು ಗುಂಡೇ ಅಂತೀರಾ? ನನ್ನ ಮಂತ್ರಕ್ಕೆ ಅಷ್ಟೂ ಶಕ್ತಿ ಇಲ್ಲ ಅಂತೀರಾ?”

ತಪ್ಪೊಪ್ಪಿಕೊಳ್ಳಲು ಬಂದ ಗೌಡರು ಭಟ್ಟರ ಮಂತ್ರಕ್ಕೆ ಅವಮಾನ ಮಾಡಿದ ಹಾಗಾಗಿ, ಅದಕ್ಕೂ ಬೇರೆ ಕ್ಷಮೆ ಕೇಳಬೇಕಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದನ್ನು ಕೇಳಿದ್ದರು. ದೇವರನ್ನು ವಾಪಸು ತಗೊಳ್ಳಿ ಎಂದರೂ ಪೂಜಾರಿ ಬಿಡ ಎಂದು ಈಗ ಗೊತ್ತಾಯಿತು. ಗೌಡರ ಕಣ್ಣಲ್ಲಿ ನೀರು ಕಂಡಾಗ ಭಟ್ಟರು ಸ್ವಲ್ಪ ಮೆತ್ತಗಾದರು. ಹಣ್ಣು ಯಾರದ್ದೆಂದು ಹೇಳಲು ತಾವು ಯಾರು, ಸೋಮವಾರ ದೇವರಲ್ಲೇ ಪ್ರಸಾದ ಕೇಳೋಣ, ಅವನು ಹೇಳಿದ ಹಾಗೆ ಆಗಲಿ ಎಂದರು.

ಪ್ರಸಾದ ಕೇಳುವುದೆಂದರೆ ಮಲೆನಾಡಿನಲ್ಲಿ ಕೋರ್ಟಿನ ತೀರ್ಪಿಗಿಂತ ದೊಡ್ಡದು. ದೇವರ ತಲೆಯ ಮೇಲೆ ಎರಡೂ ಕಡೆ ಹೂವಿಟ್ಟು ಪ್ರಶ್ನೆ ಕೇಳುತ್ತಾರೆ. ಬಲಗಡೆಯ ಹೂವು ಮೊದಲು ಬಿದ್ದರೆ ಕೇಳಿದವನ ಪರ, ಎಡಗಡೆಯದು ಬಿದ್ದರೆ ಇಲ್ಲ. ಮೇಲ್ಮನವಿ ಇಲ್ಲ. ಗೌಡರು ಪಾದ್ರಿಗಳಿಗೂ ಸೋಮವಾರವೇ ಬರಲು ಹೇಳಿಕಳಿಸಿದರು. ಏನಾಗುವುದಿದ್ದರೂ ಒಂದೇ ಸಲ ಆಗಿಹೋಗಲಿ ಎಂದು.

ಸೋಮವಾರ ಬೆಳಿಗ್ಗೆ ಚಪ್ಪರದ ಸುತ್ತ ಕಾಲಿಡಲು ಜಾಗವಿರಲಿಲ್ಲ. ಹುಲಿಯಪ್ಪ ಹೆಗಲಿಗೆ ಶಲ್ಯ ಹಾಕಿಕೊಂಡು, ದೇವರನ್ನು ಕಂಡುಹಿಡಿದವನ ಗತ್ತಿನಲ್ಲಿ ಜನರನ್ನು ಸಾಲು ಮಾಡಿಸುತ್ತಿದ್ದ. ಪಾದ್ರಿಗಳು ಬಿಳಿಯ ನಿಲುವಂಗಿಯಲ್ಲಿ ಬಂದು, ಗಾಡಿಯನ್ನು ದೂರ ನಿಲ್ಲಿಸಿ, ಖಾಲಿ ಬುಟ್ಟಿಗಳ ಪಕ್ಕದಲ್ಲಿ ಸಂಕೋಚದಿಂದ ನಿಂತರು. ಭಟ್ಟರು ಅವರನ್ನು ಹತ್ತಿರ ಕರೆದರು. ಹೂವು ಇಡುವುದಕ್ಕೆ ಮೊದಲು ಭಟ್ಟರಿಗೆ ಒಂದು ವಿಷಯ ಖಚಿತವಾಗಬೇಕಿತ್ತು. ಹೆಂಡದ ವಿಷಯ.

ಜನರೆಲ್ಲ ಕಿವಿ ನೆಟ್ಟಗೆ ಮಾಡಿದರು. ನಿಮ್ಮ ಪೂಜೆಯಲ್ಲಿ ಅದನ್ನು ಎಷ್ಟು ಕುಡಿಯುತ್ತೀರಿ ಎಂದು ಭಟ್ಟರು ಕೇಳಿದರು. ಜನರಿಗೆ ಕೊಡುವುದೇ ಇಲ್ಲ, ತಾವು ಒಬ್ಬರೇ ಮಂತ್ರ ಹೇಳಿ ಒಂದೆರಡು ಗುಟುಕು ತಗೊಳ್ಳುವುದು ಎಂದರು ಪಾದ್ರಿಗಳು. ಎಂಥ ಪಾತ್ರೆಯಲ್ಲಿ ಎಂದು ಕೇಳಿದರು. ತೊಳೆದು ಒರೆಸಿ ಬೇರೆಯೇ ಇಟ್ಟ ಬೆಳ್ಳಿ ಬಟ್ಟಲಿನಲ್ಲಿ. ಕುಡಿಯುವ ಮೊದಲು ಉಪವಾಸವೋ? ಉಪವಾಸ. ಹನಿ ಕೆಳಗೆ ಬಿದ್ದರೆ? ದೋಷ, ಆ ಜಾಗವನ್ನು ತೊಳೆಯಬೇಕು.

“ಅಂದ್ರೆ ನಿಮ್ದೂ ಮಡಿಯೇ,” ಎಂದರು ಭಟ್ಟರು. ಅವರ ಮುಖ ಅರಳಿತು. “ಇದು ತೀರ್ಥದ ಲೆಕ್ಕ ಆಯ್ತಲ್ಲ. ಹೆಂಡದ ಲೆಕ್ಕ ಅಲ್ಲ.”

ಇಬ್ಬರೂ ಪೂಜೆಯವರು ಎಣ್ಣೆಯ ದೀಪ ಒಳ್ಳೆಯದೋ ಮೇಣದ್ದೋ ಎಂಬ ಚರ್ಚೆಗೆ ಇಳಿಯುವಷ್ಟರಲ್ಲಿ ಹುಲಿಯಪ್ಪ ಕೆಮ್ಮಿ ಹೊತ್ತಾಯಿತೆಂದು ನೆನಪಿಸಿದ.

ಭಟ್ಟರು ದಬ್ಬೆಯನ್ನು ಸ್ವಲ್ಪ ಸರಿಸಿ ಧಾರೆ ನಿಲ್ಲಿಸಿದರು. ಒದ್ದೆ ಕಲ್ಲಿನ ತಲೆಗೆ ಗಂಧ ಹಚ್ಚಿ ಬಲಕ್ಕೊಂದು ಎಡಕ್ಕೊಂದು ಕೇಪಳದ ಹೂವಿಟ್ಟರು. ಗಟ್ಟಿಯಾಗಿ ಕೇಳಿ ಎಂದು ಗೌಡರಿಗೆ ಸನ್ನೆ ಮಾಡಿದರು.

ಗೌಡರು ಮುಂದೆ ಬಂದರು. ಅದನ್ನು ಹಿತ್ತಲಿನಿಂದ ಹೊತ್ತು ತಂದವರು ಅವರು. ಹಿಡಿಯ ತೂತು ಎಲ್ಲಿದೆ, ಯಾವ ಕಡೆ ಚೂರು ಮುಕ್ಕಾಗಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವರು. ಆದರೂ ಹೆಗಲ ವಸ್ತ್ರ ಸೊಂಟಕ್ಕೆ ಕಟ್ಟಿ, ಕೈಮುಗಿದು ತಲೆ ಬಾಗಿದರು.

“ಹಣ್ಣು ನಂದಾದ್ರೆ ಬಲಕ್ಕೆ ಕೊಡು. ನಿಂದಾದ್ರೆ ಎಡಕ್ಕೆ ಕೊಡು. ನಂಗೆ ಬೇರೆ ಏನೂ ಗೊತ್ತಿಲ್ಲ,” ಎಂದರು.

ಹೂವು ಅಲುಗಲಿಲ್ಲ. ಯಾರದೋ ಮಗು ಅತ್ತಿತು, ಅದರ ತಾಯಿ ಬಾಯಿ ಮುಚ್ಚಿದಳು. ಗೌಡರು ಕಣ್ಣು ಮುಚ್ಚಿದರು. ಕಣ್ಣು ಮುಚ್ಚಿದರೆ ಕಂಡದ್ದು ಈಶ್ವರನಲ್ಲ, ಒರಳಿನ ಮುಂದೆ ಕಾಲು ಚಾಚಿ ಕೂತು ಗುಂಡು ತಿರುಗಿಸುತ್ತಿದ್ದ ಅವ್ವ. ಅವ್ವನಿಗೋ ಈಶ್ವರನಿಗೋ, ಯಾರಿಗೆಂದು ತಿಳಿಯದೆ ಅವರು ಬೇಡಿಕೊಂಡರು. ನಿಜವಾಗಿ ಬೇಡಿಕೊಂಡರು. ಮದುವೆಯಾದ ಮೇಲೆ ಅಷ್ಟು ಮನಸ್ಸಿಟ್ಟು ಅವರು ಯಾವ ಗುಡಿಯಲ್ಲೂ ಬೇಡಿಕೊಂಡಿರಲಿಲ್ಲ.

ಜನ ಹೋ ಎಂದಾಗ ಕಣ್ಣು ಬಿಟ್ಟರು. ಬಲಗಡೆಯ ಹೂವು ಕೆಳಗೆ ಬಿದ್ದಿತ್ತು.

ಆಮೇಲೆ ಹೇಳುವುದೇನಿದೆ! ದೇವರೇ ಕೊಟ್ಟ ಮೇಲೆ ತಾನ್ಯಾರು ಎಂದು ಭಟ್ಟರು ತಮ್ಮ ಕೈಯಿಂದಲೇ ಮೊದಲ ಗೊಂಚಲು ಕೊಯ್ದು ಪಾದ್ರಿಗಳ ಬುಟ್ಟಿಗೆ ಹಾಕಿದರು. ನಿನ್ನೆಯ ತನಕ ಗಾಡಿಗೆ ಹೇರಬಾರದೆಂದಿದ್ದ ಹುಲಿಯಪ್ಪನೇ ಶಲ್ಯ ಸೊಂಟಕ್ಕೆ ಬಿಗಿದು ಬುಟ್ಟಿ ಹೊತ್ತ. ಗಾಡಿ ತುಂಬಿ ಹೊರಟಿತು. ಊರವರು ಗೌಡರನ್ನು ಮುತ್ತಿಕೊಂಡು ಕಡ್ಡಿ ಕೇಳಿದರು. ಸವರಿದ ಮೇಲೆ ಕೊಡುತ್ತೇನೆ ಎಂದು ಗೌಡರು ಎಲ್ಲರಿಗೂ ಮಾತು ಕೊಟ್ಟರು. ದಬ್ಬೆಯ ಸಾಲು ಇನ್ನು ಕೀಳುವುದಿಲ್ಲ, ಈಶ್ವರನ ತಲೆಯಿಂದ ಇಳಿದ ನೀರು ಕೆಳಗಿನ ಯಾರ ಬಳ್ಳಿಗೆ ಹೋದರೂ ಅಡ್ಡಿಯಿಲ್ಲ, ಅದು ತೀರ್ಥ ಎಂದು ಭಟ್ಟರು ಎಲ್ಲರ ಎದುರು ಹೇಳಿದರು. ಹೋಗುವಾಗ ಮೆಲ್ಲಗೆ, ತಮ್ಮ ಅಂಗಳಕ್ಕೂ ಒಂದೆರಡು ಕಡ್ಡಿ ಎಂದರು.

ಸಂಜೆಗೆ ಮುಂಚೆಯೇ ಗೌಡರು ಊಟಕ್ಕೆ ಕೂತರು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಕನ್ನಮ್ಮ ಬಿಸಿ ಕಡುಬು ಬಡಿಸಿದಳು, ಮೇಲೆ ತುಪ್ಪ ಸುರಿದಳು. ಗೌಡರು ದೇವರ ಮಾತನ್ನೇ ಆಡುತ್ತಿದ್ದರು. ಹೂವು ಬಿದ್ದಾಗ ಮೈಯೆಲ್ಲ ಜುಮ್ಮೆಂದಿತು, ಭಟ್ಟರು ಹೇಳಿದ್ದು ಸುಳ್ಳಲ್ಲ, ಅಲ್ಲಿ ಏನೋ ಇದೆ ಎಂದರು. ಕನ್ನಮ್ಮ ಸ್ವಲ್ಪ ಹೊತ್ತು ತಡೆದುಕೊಂಡಳು. ಆಮೇಲೆ ಅವಳಿಂದ ಆಗಲಿಲ್ಲ.

“ಬೆಳಿಗ್ಗೆ ರಂಗೋಲಿ ಹಾಕಕ್ಕೆ ಹೋದಾಗ ಗುಂಡಿನ ಎಡಗಡೆ ಬುಡಕ್ಕೆ ಒಂದು ಚಕ್ಕೆ ಕಲ್ಲು ತುರುಕಿ ಬಂದಿದ್ದೆ. ಬಲಕ್ಕೆ ವಾಲ್ಲಿ ಅಂತ,” ಎಂದಳು.

ಗೌಡರ ತುತ್ತು ಬಾಯಿಯ ಹತ್ತಿರ ನಿಂತಿತು.

“ದೇವ್ರಿಗೇ ಮೋಸ ಮಾಡಿದ್ಯೇನೆ?”

ಕನ್ನಮ್ಮನಿಗೆ ನಗು ಬಂದು ಕಡುಬಿನ ತಟ್ಟೆ ಕೆಳಗಿಡಬೇಕಾಯಿತು. ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. ಗುಂಡು ಹೂತವರು ನೀವು, ಚಕ್ಕೆ ಇಟ್ಟವಳಿಗೆ ಬುದ್ಧಿ ಹೇಳುತ್ತೀರಾ ಎಂದಳು. ಗೌಡರು ನಗಲಿಲ್ಲ. ಅವರ ಮುಖ ನೋಡಿ ಕನ್ನಮ್ಮನ ನಗುವೂ ನಿಂತಿತು. ಅವರು ಅರ್ಧ ಊಟಕ್ಕೇ ಕೈ ತೊಳೆದು ಎದ್ದು ಹೋದರು.

ಚಪ್ಪರದ ಕೆಳಗೆ ಇನ್ನೂ ಬಿಸಿಲಿತ್ತು. ಗೊಂಚಲೆಲ್ಲ ಹೋಗಿ ಎಲೆ ಮಾತ್ರ ಉಳಿದಿತ್ತು. ದಬ್ಬೆಯ ನೀರು ಮತ್ತೆ ಕಲ್ಲಿನ ತಲೆಗೆ ಬೀಳುತ್ತಿತ್ತು. ಗೌಡರು ಮೊಣಕಾಲೂರಿ ಕೂತು, ಕೆಸರಿಗೆ ಕೈ ಹಾಕಿ, ಎಡಗಡೆಯ ಚಕ್ಕೆಯನ್ನು ಹುಡುಕಿ ಎಳೆದು ದೂರ ಎಸೆದರು. ಕಲ್ಲನ್ನು ಎರಡೂ ಕೈಯಲ್ಲಿ ತಬ್ಬಿ ನೆಟ್ಟಗೆ ಮಾಡಿ, ಸುತ್ತ ಮಣ್ಣು ತುಂಬಿ ಒತ್ತಿದರು. ಅವಳಿಗೆ ಗೊತ್ತಾಗಲಿಲ್ಲ, ಹೆಂಗಸು, ಹೊಟ್ಟೆಗೆ ಹಾಕ್ಕೊ ಎಂದು ಕನ್ನಮ್ಮನ ಪರವಾಗಿ ಕ್ಷಮೆ ಕೇಳಿದರು. ತನ್ನ ಪರವಾಗಿ ಕೇಳಬೇಕೆಂದು ಅವರಿಗೆ ಹೊಳೆಯಲೇ ಇಲ್ಲ.

ಆಮೇಲೆ ಬೇಲಿಯಿಂದ ಎರಡು ಕೇಪಳದ ಹೂವು ಕೊಯ್ದು ತಂದರು. ಕಲ್ಲು ಈಗ ನೆಟ್ಟಗಿತ್ತು, ಸುತ್ತ ಯಾರೂ ಇರಲಿಲ್ಲ, ಸರಿಯಾಗಿ ಒಮ್ಮೆ ಕೇಳಿಬಿಡಬಹುದಿತ್ತು. ಹೂವನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತರು. ಕೇಳುವ ಧೈರ್ಯ ಬರಲಿಲ್ಲ.